ಮುಷ್ಟಿಮರಡಿಗೆ ಆ ಹೆಸರು ಬಂದ ಬಗೆ

ಎಕ್ಕೇರಿಕೊಪ್ಪದ ಊರಬಾಗಿಲು ದಾಟಿ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಎರೆಹೊಲಗಳ ಕರಿ ಬಯಲು ಒಮ್ಮೆಗೇ ಮುಗಿದು ಕೆಂಪು ಮಣ್ಣಿನ ಒಂದು ಏರು ಎದುರಾಗುತ್ತದೆ. ಗುಡ್ಡವೆನ್ನಲು ಎತ್ತರ ಸಾಲದು, ದಿನ್ನೆಯೆನ್ನಲು ಹರವು ಹೆಚ್ಚು. ನಮ್ಮ ಸೀಮೆಯಲ್ಲಿ ಇಂಥದ್ದಕ್ಕೆ ಮರಡಿ ಎನ್ನುತ್ತಾರೆ. ಮೂಡಣದ ಇಳಿಜಾರಿನಲ್ಲಿ ಕಲ್ಲಿನ ಒಡ್ಡುಗಳು ಒಂದರ ಕೆಳಗೊಂದು ಹಾದುಹೋಗಿವೆ. ಪಡುವಣದ ಮಗ್ಗುಲಲ್ಲಿ ಊರ ದನಗಳು ಮೇಯುತ್ತವೆ. ಬಸ್ಸಿನ ಕಂಡಕ್ಟರ್ ‘ಮುಷ್ಟಿಮರಡಿ, ಇಳೀರಿ’ ಎಂದು ಕೂಗಿದಾಗ ಹೊಸಬರು ಕಿಟಕಿಯಿಂದ ಇಣುಕಿ, ಮುಷ್ಟಿಯಂಥ ಬಂಡೆ ಎಲ್ಲಿದೆಯೆಂದು ಹುಡುಕುತ್ತಾರೆ. ಅಂಥ ಬಂಡೆಯೇನೂ ಇಲ್ಲ. ಭೀಮಸೇನನು ಸಿಟ್ಟಿನಿಂದ ನೆಲಕ್ಕೆ ಗುದ್ದಿದ ಜಾಗವಿದು ಎಂದು ಪಕ್ಕದ ಊರಿನವರು ಹೇಳುವುದುಂಟು. ಭೀಮನಿಗೆ ನಮ್ಮ ನಾಡಿನ ಊರೂರಲ್ಲೂ ಜನ ಒಂದಲ್ಲ ಒಂದು ಕೆಲಸ ಹಚ್ಚಿದ್ದಾರೆ; ಈ ಒಂದನ್ನಾದರೂ ಅವನ ತಲೆಗೆ ಕಟ್ಟದಿರುವುದು ನ್ಯಾಯ. ಆ ಮುಷ್ಟಿ ನಮ್ಮೂರ ನಿಂಬೆವ್ವನದು. ಅದರ ಕತೆಯನ್ನು ಹೇಳುವಾಗ ನಮ್ಮೂರಲ್ಲಿ ಯಾರೂ ಮೀಸೆ ತಿರುವುವುದಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ಮೋಟಾರು ಬರುವುದಕ್ಕೂ ಮೊದಲು, ತವನಪ್ಪ ಮಾಸ್ತರ ಎಂಬವರು ಒಂದು ಎತ್ತಿನ ಬಂಡಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರಂತೆ. ಕನ್ನಡ ಶಾಲೆಯ ನೌಕರಿಯನ್ನು ಅವರೇ ಬಿಟ್ಟಿದ್ದರು. ಬಂಡಿಯಲ್ಲಿ ಒಂದು ಹಾಸಿಗೆ, ಒಂದು ಕಬ್ಬಿಣದ ನೇಗಿಲು, ಹತ್ತಾರು ಬಗೆಯ ಮಣ್ಣಿನ ಪೊಟ್ಟಣ, ಸಾವಿರಾರು ಜನ ಹೆಬ್ಬೆಟ್ಟು ಒತ್ತಿದ ಒಂದು ಅರ್ಜಿ. ಆ ಅರ್ಜಿಯ ಒಕ್ಕಣೆ ಇಷ್ಟೇ: ಕಾಯಿದೆ ಓದುವವನಿಗೆ ಸರಕಾರ ದೊಡ್ಡ ವಿದ್ಯಾಪೀಠ ಕಟ್ಟಿಸಿದೆ, ಕಾಗದ ಬರೆಯುವವನಿಗೆ ಕಟ್ಟಿಸಿದೆ; ಉಳುವವನಿಗೆ, ನೇಯುವವನಿಗೆ, ಕಬ್ಬಿಣ ಕಾಯಿಸಿ ಬಡಿಯುವವನಿಗೆ ಯಾಕಿಲ್ಲ? ಅವರ ಮಕ್ಕಳೂ ಕೂಡ್ರುವಂಥ, ಅವರ ಕಸುಬನ್ನೇ ಕಲಿಸುವಂಥ ಒಂದು ವಿದ್ಯಾಪೀಠ ಬೇಕು; ಅದು ಯಾವ ಧಣಿಯದೂ ಆಗಿರದೆ ಎಲ್ಲರದಾಗಿರಬೇಕು. ಇಂದು ಇದನ್ನು ಕೇಳಿದರೆ ಇದರಲ್ಲೇನು ಹೊಸದು ಅನ್ನಿಸೀತು. ಅಂದು ಜನ ನಕ್ಕರಂತೆ. ಉಳುವುದನ್ನು ಕಲಿಸುವುದಕ್ಕೆ ಶಾಲೆಯೇ, ನಾಳೆ ಉಣ್ಣುವುದಕ್ಕೂ ಒಂದು ಶಾಲೆ ತೆಗೆಯಿರಿ ಎಂದರಂತೆ. ಮಾಸ್ತರರೂ ಅವರ ಜೊತೆ ನಕ್ಕು, ನಗು ಮುಗಿದ ಮೇಲೆ ಅರ್ಜಿಯನ್ನು ಮುಂದಿಡುತ್ತಿದ್ದರು.

ಕೊನೆಗೆ ತಾಲೂಕುಗಳ ಮೇಲಿನ ಅಧಿಕಾರಿಯಾದ ಪ್ರಾಂತ ಸಾಹೇಬರು ಒಂದು ಮಾತು ಕೊಟ್ಟರು. ‘ಎಕ್ಕೇರಿಕೊಪ್ಪದ ಮರಡಿಯಲ್ಲಿ ಹುಲ್ಲು ಬಿಟ್ಟರೆ ಇನ್ನೇನೂ ಬೆಳೆದದ್ದಿಲ್ಲ. ನಿಮ್ಮ ವಿದ್ಯೆಯಿಂದ ಅಲ್ಲಿ ಒಂದು ಜೋಳದ ಬೆಳೆ ತೆಗೆದು ತೋರಿಸಿ. ತೋರಿಸಿದರೆ ಅದೇ ಮರಡಿಯ ಮೇಲೆ ವಿದ್ಯಾಪೀಠಕ್ಕೆ ಅಡಿಗಲ್ಲು ಹಾಕಿಸುತ್ತೇನೆ.’ ಮಾಸ್ತರರು ಅದೇ ವಾರ ಬಂಡಿ ಹೊಡೆದುಕೊಂಡು ನಮ್ಮೂರಿಗೆ ಬಂದರು. ಬೇಸಿಗೆಯಿಡೀ ತಾವೇ ಕಲ್ಲು ಹೊತ್ತು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿದರು. ಊರ ಕಮ್ಮಾರನ ಕುಲುಮೆಯ ಮುಂದೆ ಕೂತು ನೇಗಿಲಿನ ಗುಳವನ್ನು ಎರಡು ಸಲ ಕಟ್ಟಿಸಿ, ಎರಡು ಸಲ ಮುರಿಸಿ, ಮೂರನೆಯ ಸಲ ಒಪ್ಪಿದರು. ಮೊದಲ ಮಳೆ ಬಿದ್ದಾಗ ಆ ಮರಡಿಯ ನೀರು ಹಳ್ಳಕ್ಕೆ ಹರಿಯದೆ ಅಲ್ಲೇ ನಿಂತು ಇಂಗಿತು. ಅದನ್ನು ನೋಡಲು ಊರೇ ನೆರೆದಿತ್ತು.

ಇನ್ನು ಬಿತ್ತಿಗೆಯ ಮಾತು. ನಮ್ಮ ಕಡೆ ಕೂರಿಗೆಯಿಂದ ಬಿತ್ತುತ್ತಾರೆ. ಎತ್ತು ಎಳೆಯುವ ಈ ಕೂರಿಗೆಯ ನೆತ್ತಿಯ ಮೇಲೆ ಒಂದು ಮರದ ಬಟ್ಟಲಿರುತ್ತದೆ; ಬಟ್ಟಲಿನ ತೂತುಗಳಿಂದ ಮೂರು ಕೊಳವೆ ಇಳಿದು ಮೂರು ಸಾಲಿನ ಮಣ್ಣೊಳಗೆ ಹೋಗುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ. ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಕೂರಿಗೆಯ ಬೆನ್ನಿಗೇ ನಡೆಯುವ ಹೆಂಗಸು ಹಿಡಿಹಿಡಿಯಾಗಿ ತೆಗೆದು, ಬೆರಳ ಸಂದಿನಿಂದ ಆ ಬಟ್ಟಲಿಗೆ ಬಿಡುತ್ತಾಳೆ. ಹೆಚ್ಚು ಬಿಟ್ಟರೆ ಪೈರು ಒತ್ತಾಗಿ ಸೊರಗುತ್ತದೆ, ಕಡಿಮೆ ಬಿಟ್ಟರೆ ಹೊಲ ಬೋಳಾಗುತ್ತದೆ. ಎಷ್ಟು ಬಿಟ್ಟಳು ಎಂಬುದನ್ನು ನೋಡಿದವರಿಲ್ಲ; ಹಿಂದಿನಿಂದ ಕುಂಟೆ ಹಾಯ್ದು ಸಾಲು ಮುಚ್ಚಿಹೋಗುತ್ತದೆ. ಎಂಟು ದಿನ ಕಳೆದು ಮೊಳಕೆ ಬಂದಾಗಲೇ ಅವಳ ಕೈ ಎಂಥದೆಂದು ಊರಿಗೆ ಗೊತ್ತಾಗುವುದು. ಬೀಜ ಬಿಡುವವಳು ಬಿತ್ತಿಗೆ ಮುಗಿಯುವ ತನಕ ಬಾಯಿ ತೆರೆಯಬಾರದೆಂಬ ಕಟ್ಟಳೆಯಿತ್ತು, ಮಾತಿಗೆ ಲಕ್ಷ್ಯ ಹೋದರೆ ಕೈ ತಪ್ಪುತ್ತದೆಂದು. ಉಡಿಯಲ್ಲಿ ಉಳಿದ ಕಾಳು ಅವಳಿಗೇ ಸೇರತಕ್ಕದ್ದು. ಹೆಂಗಸಿನ ಉಡಿಯನ್ನು ಬಿಚ್ಚಿ ನೋಡುವ ರೂಢಿ ನಮ್ಮಲ್ಲಿರಲಿಲ್ಲ. ನಿಂಬೆವ್ವನ ಕೈಯಂತೂ ಹನ್ನೆರಡು ಹಳ್ಳಿಗೆ ಹೆಸರಾಗಿತ್ತು; ಮಾಸ್ತರರೂ ಮರಡಿಯ ಬಿತ್ತಿಗೆಗೆ ಆಕೆಯನ್ನೇ ಗೊತ್ತು ಮಾಡಿದ್ದರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಆಕೆಗಿದ್ದದ್ದು ಆ ಕೈ ಮತ್ತು ಒಂದು ಎಮ್ಮೆ.

ಆ ಎಮ್ಮೆ ಮೇಯುತ್ತಿದ್ದದ್ದು ಇದೇ ಮರಡಿಯ ಮೇಲೆ. ಊರಗೌಡ ನೀಲನಗೌಡರು ಒಂದು ಮುಂಜಾನೆ ಆಕೆಯನ್ನು ತಮ್ಮ ವಾಡೆಗೆ ಕರೆಸಿದರು. ಗೌಡರಿಗೆ ಎಮ್ಮೆಯ ಚಿಂತೆಯೇನೂ ಇರಲಿಲ್ಲ. ಆಳುಮಕ್ಕಳು ವಿದ್ಯಾಪೀಠಕ್ಕೆ ಹೋಗಿ ಕೂತರೆ ತಮ್ಮ ಎರೆಹೊಲದ ಕಳೆ ಕೀಳುವವರು ಯಾರು ಎಂಬುದು ಅವರ ಚಿಂತೆ. ಆದರೆ ಅವರು ಆಡಿದ್ದು ಎಮ್ಮೆಯ ಮಾತನ್ನೇ.

‘ನಿಂಬೆವ್ವಾ, ಮರಡಿ ಮ್ಯಾಲ ಕಟ್ಟಡ ಎದ್ದ ಮ್ಯಾಲ ನಿನ್ನ ಎಮ್ಮಿ ಎಲ್ಲಿ ಮೇಯ್ತೈತಿ? ನನ್ನ ಹಿತ್ತಲದಾಗೇನು?’

‘ಮತ್ತ ಏನು ಮಾಡ್ಲಿರಿ, ಗೌಡ್ರ?’

‘ನೀ ಏನೂ ಮಾಡಬ್ಯಾಡ. ಬಿತ್ತೂ ದಿವಸ ಕೈ ಬಿಗೀ ಹಿಡಿ, ಅಷ್ಟ. ಉಡಿಯೊಳಗ ಉಳಿದದ್ದು ನಿಂದ.’

ಆಕೆ ಒಪ್ಪಿ, ಗೌಡರ ದೇವರ ಜಗಲಿಯ ಮೇಲಿನ ಭಂಡಾರವನ್ನು, ಆ ಅರಿಸಿನದ ಪುಡಿಯನ್ನು, ಹಣೆಗೆ ಹಚ್ಚಿಕೊಂಡು ಬಂದಳಂತೆ. ಭಂಡಾರ ಹಚ್ಚಿಕೊಂಡು ಕೊಟ್ಟ ಮಾತಿಗೆ ತಪ್ಪುವುದೆಂದರೆ ಆ ಕಾಲದಲ್ಲಿ ಸಣ್ಣ ವಿಷಯವಲ್ಲ. ಆದರೂ ನಿಜ ಹೇಳಬೇಕೆಂದರೆ, ಆ ದಿನ ಆಕೆಗೆ ಕೈ ಬಿಗಿಹಿಡಿಯುವುದು ಅಂಥ ದೊಡ್ಡ ಪಾಪವೆಂದೂ ಅನ್ನಿಸಿರಲಿಲ್ಲ. ಎಲ್ಲಿಂದಲೋ ಬಂದ ಮಾಸ್ತರ, ಎಲ್ಲಿಗೋ ಹೋಗುತ್ತಾನೆ. ಎಮ್ಮೆ ಇಲ್ಲೇ ಇರುತ್ತದೆ.

ಬಿತ್ತಿಗೆಯ ದಿನ ಪ್ರಾಂತ ಸಾಹೇಬರು ಕುದುರೆಯ ಮೇಲೆ ಬಂದು ಹೊಲದ ಬದುವಿನ ಮೇಲೆ ನಿಂತರು. ಊರವರೂ ಎರಡೂ ಬದುಗಳ ಮೇಲೆ ನೆರೆದಿದ್ದರು. ಎತ್ತು ಹೊಡೆಯುವವನ ಕಣ್ಣು ಎತ್ತಿನ ಮೇಲೆ. ನಿಂಬೆವ್ವ ಅವನ ಹಿಂದೆ. ಬದುವಿನ ಹತ್ತಿರ, ಜನ ನೋಡುತ್ತಿದ್ದಷ್ಟು ದೂರ, ಆಕೆ ಕೈ ಸಡಿಲಿಸಿ ಬೀಜ ಬಿಟ್ಟಳು. ನಾಲ್ಕು ಮಾರು ಒಳಗೆ ಹೋದ ಕೂಡಲೇ ಮುಷ್ಟಿ ಬಿಗಿದಳು. ಮಣಿಕಟ್ಟು ಎಂದಿನಂತೆ ಆಡುತ್ತಿತ್ತು, ಕೈ ಉಡಿಗೂ ಬಟ್ಟಲಿಗೂ ಓಡಾಡುತ್ತಿತ್ತು, ಒಂದು ಕಾಳೂ ಬೀಳುತ್ತಿರಲಿಲ್ಲ. ಹೀಗೆ ಅರ್ಧ ಹೊಲ ಮುಗಿದಿರಬೇಕು. ಕೂರಿಗೆ ಬದುವಿಗೆ ಬಂದು ತಿರುಗುವಾಗ ಮಾಸ್ತರರು ಸಾಹೇಬರಿಗೆ ಹೇಳುತ್ತಿದ್ದ ಮಾತು ಆಕೆಯ ಕಿವಿಗೆ ಬಿತ್ತು. ‘ಸಾಹೇಬರೇ, ಈ ತಾಯಿಯ ಕೈಯೊಳಗಿರುವ ವಿದ್ಯೆ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ವಿದ್ಯಾಪೀಠ ಆಯಿತೆಂದರೆ ನಾನು ಮೊದಲು ಕರೆಯುವ ಗುರು ಈಕೆಯೇ. ನಾನು ಈಕೆಯ ಮುಂದೆ ಕೂತು ಕಲಿಯುವವನು.’

ನಿಂಬೆವ್ವನನ್ನು ಅಲ್ಲಿಯ ತನಕ ಯಾರೂ ಗುರು ಎಂದಿರಲಿಲ್ಲ. ಬಿತ್ತಾಕೆ ಎಂದಿದ್ದರು, ರಂಡೆ ಎಂದಿದ್ದರು, ಕೆಲಸವಿದ್ದಾಗ ಯವ್ವಾ ಎಂದಿದ್ದರು. ಆಕೆಗೆ ಬೆರಳು ಬಿಚ್ಚಬೇಕೆನ್ನಿಸಿತು. ಇನ್ನೂ ಅರ್ಧ ಹೊಲವಿತ್ತು. ಅರ್ಧ ಹೊಲದ ಪೈರಾದರೂ ಸಾಕಿತ್ತು, ಮಣ್ಣು ಬದುಕಿದೆಯೆಂದು ತೋರಿಸುವುದಕ್ಕೆ. ಆ ಮುಂಜಾನೆಯೂ ಹಣೆಗೆ ಹಚ್ಚಿಕೊಂಡಿದ್ದ ಭಂಡಾರ ಬೆವರಿಗೆ ಕರಗಿ ಕಣ್ಣಿಗಿಳಿದು ಉರಿಯಿತು. ಎದುರಿನ ಬದುವಿನ ಮೇಲೆ ಗೌಡರು ನಿಂತಿದ್ದರು. ಮಾತಾಡಬಾರದೆಂಬ ಕಟ್ಟಳೆ ಬೇರೆ ಇತ್ತಲ್ಲ, ಅದನ್ನೇ ಆಕೆ ನೆಪ ಮಾಡಿಕೊಂಡಳು. ಬಾಯಿಗೆ ಕಟ್ಟಳೆಯಿದ್ದದ್ದು ನಿಜ, ಬೆರಳಿಗೆ ಯಾವ ಕಟ್ಟಳೆಯೂ ಇರಲಿಲ್ಲವೆಂಬುದನ್ನು ಆಕೆಯೇ ಮುಂದೆ ಹೇಳಿದ್ದಾಳೆ. ಮುಷ್ಟಿಯನ್ನು ಕೊನೆಯ ಸಾಲಿನ ತನಕ ಬಿಗಿಹಿಡಿದೇ ನಡೆದಳು. ಆ ವಾರ ಉಡಿಯ ಜೋಳವನ್ನು ಬೀಸಿ ರೊಟ್ಟಿ ಬಡಿದಳು. ಬಿತ್ತುವ ಬೀಜವನ್ನು ತಿನ್ನಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಕೆ ತಿಂದಳು, ತಿಂದದ್ದು ದಕ್ಕಲಿಲ್ಲ.

ಎಂಟು ದಿನಕ್ಕೆ ಮರಡಿಯ ಎರಡು ಅಂಚುಗಳಲ್ಲಿ ಜೋಳ ಹಸಿರು ನೂಲಿನಂತೆ ಎದ್ದಿತು. ನಡುವೆ ಬೋಳು. ಹದಿನೈದು ದಿನಕ್ಕೆ ಸಾಹೇಬರು ಬಂದರು, ಕುದುರೆಯಿಂದ ಇಳಿಯಲೂ ಇಲ್ಲ. ‘ಮಣ್ಣು ಬರಡು, ಮಾಸ್ತರೇ. ನಿಮ್ಮ ವಿದ್ಯೆಯನ್ನು ಮಣ್ಣೇ ಒಪ್ಪಲಿಲ್ಲ’ ಎಂದು ಹೇಳಿ, ಹಾಗೆಯೇ ವರದಿ ಬರೆದರು. ಮಾಸ್ತರರು ಮಾತ್ರ ಆ ದಿನವಿಡೀ ಮಂಡಿಯೂರಿ ಸಾಲುಸಾಲಾಗಿ ಮಣ್ಣು ಕೆದರಿದರು. ಇರುವೆ ಹೊತ್ತಿದ್ದರೆ ಗೂಡಿನ ಬಾಯಲ್ಲಿ ಹೊಟ್ಟು ಸಿಗಬೇಕಿತ್ತು, ಬೀಜ ಕೊಳೆತಿದ್ದರೆ ಸಿಪ್ಪೆ ಸಿಗಬೇಕಿತ್ತು. ಏನೂ ಸಿಗಲಿಲ್ಲ. ಸಂಜೆಯ ಮುಂದೆ ಎದ್ದು ನಿಂತು, ಮೊಳಕೆ ಬಂದ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದರಂತೆ. ನೋಡುವವರು ನಿಂತಲ್ಲಿ ಮಾತ್ರ ಜೋಳ ಹುಟ್ಟಿತ್ತು. ಹೊಲವನ್ನು ಓದಬಲ್ಲವನಿಗೆ ಇದಕ್ಕಿಂತ ದೊಡ್ಡ ಅಕ್ಷರ ಬೇಕೇ?

ಅಲ್ಲಿಂದ ಅವರು ನೇರವಾಗಿ ನಿಂಬೆವ್ವನ ಅಂಗಳಕ್ಕೆ ಬಂದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಕೆ ಅವರ ನೆರಳು ಕಂಡದ್ದೇ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಸ್ತರರು ಕುಡಿಯಲು ನೀರು ಕೇಳಿದರು. ಎಡಗೈಯಲ್ಲಿ ಕೊಡಲಾಗದೆ ಕೈ ಹೊರಗೆ ತೆಗೆದು ತಂಬಿಗೆ ಕೊಟ್ಟಳು, ಬೆಲ್ಲ ಕೊಟ್ಟಳು. ಅವರು ಕಟ್ಟೆಯ ಮೇಲೆ ಕೂತು ನೀರು ಕುಡಿದು, ಕಟ್ಟಿಹಾಕಿದ್ದ ಎಮ್ಮೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

‘ನಿಂಬೆವ್ವಾ, ಮೂರು ತಿಂಗಳು ಈ ಊರಾಗ ಇದ್ದೆ. ನಿನ್ನ ಎಮ್ಮಿ ಎಲ್ಲಿ ಮೇಯ್ತೈತಿ ಅಂತ ಒಂದು ದಿವಸಾನೂ ಕೇಳ್ಲಿಲ್ಲ ನೋಡವಾ. ಅದು ನನ್ನ ತಪ್ಪು.’

ಆಗ ಹೇಳಿಬಿಡಬಹುದಿತ್ತು. ಸಾಹೇಬರು ಇನ್ನೂ ತಾಲೂಕಿನ ಊರಲ್ಲೇ ಇದ್ದರು, ಮಳೆಯ ದಿನಗಳೂ ಮುಗಿದಿರಲಿಲ್ಲ, ಮತ್ತೊಮ್ಮೆ ಬಿತ್ತಬಹುದಿತ್ತು. ಆಕೆ ‘ಇನ್ನೊಂಚೂರು ನೀರು ಕೊಡ್ಲೇನ್ರಿ’ ಎಂದಷ್ಟೇ ಕೇಳಿದಳು. ಬೇಡವೆಂದು ಕೈಮುಗಿದು ಮಾಸ್ತರರು ಎದ್ದರು. ಮರುದಿನ ಮುಂಜಾನೆ ಬಂಡಿ ಊರು ಬಿಟ್ಟಿತು. ಅವರು ಮತ್ತೆ ಹದಿನಾರು ವರ್ಷ ಊರೂರು ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡರೆಂದೂ, ಕಡೆಗೆ ಯಾವುದೋ ಊರಿನ ಮಠದಲ್ಲಿ ಜ್ವರ ಬಂದು ತೀರಿಕೊಂಡರೆಂದೂ ಹೇಳುತ್ತಾರೆ. ನಮ್ಮೂರಿಗೆ ಮಾತ್ರ ಮತ್ತೆ ಬರಲಿಲ್ಲ. ಯಾವ ಊರಿನಲ್ಲಿ ಕೇಳಿದವರಿಗೂ, ಎಕ್ಕೇರಿಕೊಪ್ಪದಲ್ಲಿ ನಾನೇ ಏನೋ ತಪ್ಪು ಮಾಡಿದೆ ಎಂದರಂತೆಯೇ ಹೊರತು ಆಕೆಯ ಹೆಸರನ್ನು ಬಾಯಿಗೆ ತರಲಿಲ್ಲ. ಆ ಸುದ್ದಿ ನಿಂಬೆವ್ವನ ಕಿವಿಗೂ ಬಂತು. ಅವರು ಬೈದಿದ್ದರೆ ಆಕೆಗೆ ಉಂಡ ಅನ್ನವಾದರೂ ಮೈಗೆ ಹತ್ತುತ್ತಿತ್ತೇನೋ.

ಇನ್ನು ಎಮ್ಮೆಯ ಮಾತು ಕೇಳಿ. ಮರಡಿ ಬರಡೆಂದು ಸಾಹೇಬರೇ ಬರೆದುಕೊಟ್ಟ ಮೇಲೆ, ಯಾರಿಗೂ ಬೇಡದ ಆ ನೆಲವನ್ನು ನೀಲನಗೌಡರು ಸರಕಾರದಿಂದ ತಮ್ಮ ಹೆಸರಿಗೆ ಬರೆಸಿಕೊಂಡರು. ಸುತ್ತ ಮುಳ್ಳುಬೇಲಿ ಬಿತ್ತು. ಎಮ್ಮೆ ಬೇಲಿಯ ಹೊರಗೆ ಉಳಿಯಿತು. ಆ ವರ್ಷವೇ ಆಕೆ ಅದನ್ನು ಮಾರಿದಳು. ಮರುವರ್ಷ ಮುಂಗಾರಿಗೆ, ಮಾಸ್ತರರ ಒಡ್ಡಿನ ಒಳಗೆ ನಿಂತ ನೀರಿಗೆ, ಮಾಸ್ತರರು ಕಟ್ಟಿಸಿದಂಥದೇ ನೇಗಿಲಿನಿಂದ ಗೌಡರು ಉತ್ತರು. ಬಿತ್ತುವುದಕ್ಕೆ ಕರೆದದ್ದು ನಿಂಬೆವ್ವನನ್ನೇ. ಹೋಗದೆ ವಿಧಿಯಿರಲಿಲ್ಲ. ಈ ಸಲ ಕೈ ಬಿಚ್ಚಿ ಬಿಟ್ಟಳು. ಬೆಳೆ ಆಳೆತ್ತರ ಬಂತು. ತೆನೆಯೊಂದೊಂದೂ ತಂಬಿಗೆಯ ಗಾತ್ರ. ಅದನ್ನು ಕೊಯ್ಯುವಾಗ ಆಕೆ ಬಿಕ್ಕಿಬಿಕ್ಕಿ ಅತ್ತಳೆಂದೂ, ಜೊತೆಯ ಹೆಂಗಸರು ಗಂಡನ ನೆನಪಾಗಿರಬೇಕೆಂದು ಸಮಾಧಾನ ಹೇಳಿದರೆಂದೂ ಹೇಳುತ್ತಾರೆ. ಊರಿಗೆ ಅಷ್ಟೂ ಗೊತ್ತಿರಲಿಲ್ಲವೇ? ಅರ್ಧ ಊರಿಗೆ ಗೊತ್ತಿತ್ತು. ಬೆಳೆ ನೋಡಿದ ಮೇಲೆ ಉಳಿದರ್ಧಕ್ಕೂ ಗೊತ್ತಾಯಿತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದಂತೆ ಎಲ್ಲರೂ ಮಣ್ಣಿನ ಮೇಲೆ ತಪ್ಪು ಒರೆಸಿ ಸುಮ್ಮನಾದರು.

ಮೂವತ್ತು ವರ್ಷ ಸಂದವು. ದೂರದ ಒಂದು ಪಟ್ಟಣದಲ್ಲಿ ಕೊನೆಗೂ ವಿದ್ಯಾಪೀಠ ಎದ್ದಿತು, ಒಕ್ಕಲುತನದ್ದೂ ಕಸುಬಿನದ್ದೂ ಎರಡೂ ಕೂಡಿದ್ದು. ಅಲ್ಲಿ ಕಲಿತು ಬಂದ ಕೆಲವರಿಗೆ, ಇದನ್ನು ಮೊಟ್ಟಮೊದಲು ಕೇಳಿದ ಮನುಷ್ಯನ ನೆನಪಿಗೆ ಒಂದು ಕಲ್ಲು ನಿಲ್ಲಿಸಬೇಕೆನ್ನಿಸಿತು. ಅವರು ಹಳೆಯ ಕಾಗದ ಹುಡುಕಿದರು, ಸಾಹೇಬರ ವರದಿ ಸಿಕ್ಕಿತು. ಹೀಗಾಗಿ ಮಾಸ್ತರರ ಮೊದಲ ಹೊಲವೆಂದು ಈ ಮರಡಿಗೇ ಬಂದರು. ನೀಲನಗೌಡರು ಆಗಲೇ ತೀರಿಕೊಂಡಿದ್ದರು. ಅವರ ಮಗ ಚಂದಪ್ಪಗೌಡ ನೆತ್ತಿಯ ಮೇಲೆ ಜಾಗ ಕೊಟ್ಟ. ಮಾಸ್ತರರನ್ನು ಕಣ್ಣಾರೆ ಕಂಡ ಹಿರಿಯರು ಯಾರಾದರೂ ಇದ್ದರೆ ಅವರ ಕೈಯಿಂದಲೇ ಹಾರ ಹಾಕಿಸೋಣವೆಂದು ಬಂದವರು ಕೇಳಿದಾಗ, ಎಪ್ಪತ್ತು ದಾಟಿದ ನಿಂಬೆವ್ವನನ್ನು ಕೈಹಿಡಿದು ಮರಡಿ ಹತ್ತಿಸಿದರು. ಆಕೆಗೆ ಓದು ಬಾರದು. ಕಲ್ಲಿನ ಮೇಲೆ ಏನು ಬರೆದಿದೆಯೆಂದು ಕೇಳಿದಳು. ಬಂದವರಲ್ಲಿ ಹಿರಿಯರೊಬ್ಬರು ಗಟ್ಟಿಯಾಗಿ ಓದಿ ಹೇಳಿದರು. ಮೇಲೆ ಮಾಸ್ತರರ ಹೆಸರು. ಅದರ ಕೆಳಗೆ, ಉಳುವವರಿಗೂ ಕಸುಬಿನವರಿಗೂ ವಿದ್ಯಾಪೀಠ ಬೇಕೆಂದು ಮೊದಲು ಕೇಳಿದವರು ಎಂಬ ಮಾತು. ಕಡೆಯ ಸಾಲು: ಅವರು ಇಲ್ಲಿ ಬಿತ್ತಿದರು, ಈ ಮಣ್ಣು ಒಪ್ಪಲಿಲ್ಲ.

ನಿಂಬೆವ್ವನ ಕೈಯ ಹಾರ ಕೆಳಗೆ ಬಿತ್ತು. ಆಕೆ ಕೂತು ನೆಲದ ಮೇಲೆ ಅಂಗೈ ಊರಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದಳು.

‘ಮಣ್ಣಿನ ಮ್ಯಾಲ ಸುಳ್ಳು ಬರೀಬ್ಯಾಡ್ರಿ, ಯಪ್ಪಾ. ಮಣ್ಣಿಗೆ ಬೀಜಾನ ಬಿದ್ದಿರಲಿಲ್ಲ. ಬಿತ್ತಾಕಿ ನಾನು. ಮುಷ್ಟಿ ಮುಚ್ಚಿದಾಕಿ ನಾನು.’

ಹಿರಿಯರು ತಬ್ಬಿಬ್ಬಾಗಿ, ಹಾಗೆ ಮಾಡು ಎಂದು ನಿನಗೆ ಹೇಳಿದವರು ಯಾರಮ್ಮ ಎಂದು ಕೇಳಿದರು. ಚಂದಪ್ಪಗೌಡ ತಲೆ ತಗ್ಗಿಸಿದ. ಆಕೆ ಅವನ ಕಡೆ ನೋಡಲೂ ಇಲ್ಲ.

‘ಯಾರು ಹೇಳಿದರೇನ್ರಿ, ಕೈ ನಂದು. ಅವರು ನನ್ನ ಗುರು ಅಂದ್ರು. ಅಂದ ಮ್ಯಾಲೂ ನಾ ಬಿಚ್ಚಲಿಲ್ಲ.’

ಕಲ್ಲುಕುಟಿಗ ಅಲ್ಲೇ ಇದ್ದ. ಹಿರಿಯರು ಹೇಳಿದ ಮೇಲೆ ಉಳಿ ತೆಗೆದುಕೊಂಡು ಆ ಕಡೆಯ ಸಾಲನ್ನು ಎಲ್ಲರ ಮುಂದೆ ಕೆತ್ತಿ ಅಳಿಸಿದ. ಮಾಸ್ತರರ ಹೆಸರನ್ನೇ ಮರಡಿಗೆ ಇಡೋಣ, ಪಾಪ ಕಳೆದುಕೊಳ್ಳೋಣ ಎಂದು ಊರ ನಾಲ್ಕು ಮಂದಿ ಮುಂದೆ ಬಂದರು. ಅದಕ್ಕೂ ನಿಂಬೆವ್ವ ಒಪ್ಪಲಿಲ್ಲ. ‘ಅವರ ಹೆಸರಿಟ್ಟರ ನಾವು ಚೊಲೋ ಮಂದಿ ಅಂತ ಆಗ್ತೈತಿ. ನಾವು ಮಾಡಿದ್ದನ್ನ ಹೆಸರಿಡ್ರಿ’ ಎಂದಳು. ಬದುಕಿರುವ ತನಕ ಯಾರಾದರೂ ಎಲ್ಲಿಗೆ ಹೊರಟೆ ಎಂದು ಕೇಳಿದರೆ ‘ಮುಷ್ಟಿಮರಡಿಗೆ’ ಎಂದೇ ಹೇಳುತ್ತಿದ್ದಳು. ಹೀಗೆ ಆಡುತ್ತಾ ಆಡುತ್ತಾ ಆ ಹೆಸರೇ ನಿಂತಿತು. ಚಂದಪ್ಪಗೌಡ ಆ ಸುಗ್ಗಿ ಮುಗಿದ ಮೇಲೆ ಮರಡಿಯ ಬೇಲಿಯನ್ನು ತಾನೇ ನಿಂತು ಕೀಳಿಸಿದನಂತೆ.

ಇಂದು ಹೋದವರಿಗೆ ನೆತ್ತಿಯ ಮೇಲೆ ಎದೆಯೆತ್ತರದ ಆ ಕಲ್ಲು ಕಾಣುತ್ತದೆ. ಮೇಲಿನ ಅಕ್ಷರಗಳು ಇನ್ನೂ ಸ್ಪಷ್ಟವಾಗಿವೆ; ಕೆಳಗೆ ಒಂದು ಗೇಣು ಅಗಲ ಉಳಿಯ ಏಟು ಬಿದ್ದು ಒರಟಾಗಿದೆ. ಮಳೆಗಾಲದಲ್ಲಿ ಅದರ ಮುಂದೆ ಮೂಡಣದ ಇಳಿಜಾರಿನುದ್ದಕ್ಕೂ ಜೋಳ ಅಂಚಿನಿಂದ ಅಂಚಿಗೆ ಒತ್ತಾಗಿ ನಿಂತಿರುತ್ತದೆ. ಬಂದವರು ಆ ಒರಟು ಜಾಗದ ಮೇಲೆ ಬೆರಳಾಡಿಸಿ, ಇಲ್ಲಿ ಏನು ಬರೆದಿತ್ತು ಎಂದು ಕೇಳುತ್ತಾರೆ. ಕೇಳಿದವರಿಗೆ ಹೇಳದೆ ಕಳಿಸಬಾರದೆಂಬುದು ನಿಂಬೆವ್ವ ತೀರಿಕೊಂಡ ಮೇಲೆ ಊರು ಮಾಡಿಕೊಂಡ ಕಟ್ಟಳೆ. ದನ ಮೇಯಿಸುವವರಿರಲಿ, ಕಳೆ ತೆಗೆಯುವವರಿರಲಿ, ಗೌಡರ ಮನೆಯವರೇ ಇರಲಿ, ಎಲ್ಲರೂ ಹೇಳುವುದು ಒಂದೇ ಬಗೆಯಲ್ಲಿ: ‘ಈ ಮಣ್ಣು ಒಪ್ಪಲಿಲ್ಲ ಅಂತ ಬರದಿತ್ರಿ. ಅದು ಸುಳ್ಳು. ಬೀಜ ನಾವ ಬಿಡಲಿಲ್ಲ.’